ರಜೆಯ ಲೆಕ್ಕ, ನೀರಿನ ಲೆಕ್ಕ

ನನ್ನ ತಂಗಿಯ ಮಗ ಮತ್ತು ಅವನ ಪತ್ನಿ ಅಮೆರಿಕದ ಸಿಯಾಟಲ್ ನಗರದಲ್ಲಿ ನೆಲೆಸಿದ್ದಾರೆ. ಅವರ ಬಳಿ ಹಳೆಯದೊಂದು ಹಾಯಿದೋಣಿ ಇದೆ. ಕ್ರಿಸ್‌ಮಸ್ ರಜೆ ಬಂತೆಂದರೆ ಗಂಡಹೆಂಡಿರಿಬ್ಬರೂ ಅಕ್ಕಿ, ಬೇಳೆ, ಉಪ್ಪಿನಕಾಯಿಗಳೊಡನೆ ಅದನ್ನೇರಿ ಉತ್ತರದ ಸ್ಯಾನ್ ವಾನ್ ದ್ವೀಪಗಳ ಕಡೆಗೆ ಹೊರಟುಬಿಡುತ್ತಾರೆ. ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯೊಳಗೇ ಸೂರ್ಯ ಮುಳುಗುತ್ತಾನೆ. ಬಿಡದ ಜಡಿಮಳೆ, ಕೊರೆಯುವ ಚಳಿ. ಮಲಗುವ ಹಾಸಿಗೆಯೂ ತೇವ. ಇದೆಂತಹ ವಿಹಾರವೆಂದು ಕೇಳಿದರೆ, ಬೇಸಿಗೆಯಲ್ಲಿ ದೋಣಿ ನಿಲ್ಲಿಸಲು ಜಾಗವಿಲ್ಲದ ಕೊಲ್ಲಿಗಳೆಲ್ಲ ಚಳಿಗಾಲದಲ್ಲಿ ತಮ್ಮಿಬ್ಬರಿಗೇ ಮೀಸಲು ಎನ್ನುತ್ತಾರೆ. ಅಲ್ಲಿನ ಸರ್ಕಾರಿ ಉದ್ಯಾನಗಳ ತಂಗುದಾಣದಲ್ಲಿ ದೋಣಿ ಕಟ್ಟಿದವರು ಶುಲ್ಕವನ್ನು ತಾವೇ ಲಕೋಟೆಯಲ್ಲಿಟ್ಟು ದಡದ ಪೆಟ್ಟಿಗೆಗೆ ಹಾಕಿ ಬರಬೇಕಂತೆ. ಹಣ ಕೇಳಲು ಅಲ್ಲಿ ಯಾರೂ ನಿಂತಿರುವುದಿಲ್ಲ.

ಕಳೆದ ಚಳಿಗಾಲದಲ್ಲಿ ದೋಣಿಯನ್ನು ಅಲ್ಲಿಯೇ ಕಟ್ಟಿಹಾಕಿ ಅವರು ತರೀಕೆರೆಗೆ ಬಂದರು. ನಾವು ನಾಲ್ವರೂ ಲಕ್ಕವಳ್ಳಿಗೆ ಹೋದೆವು. ಭದ್ರಾ ಹಿನ್ನೀರು ಕಾಡಿನ ಅಂಚಿನವರೆಗೂ ಹರಡಿತ್ತು. ನೀರನ್ನು ಬಹಳ ಹೊತ್ತು ನೋಡಿದ ಹುಡುಗ, ‘ಮಾವ, ಇಷ್ಟು ನೀರಿದೆ, ಒಂದು ಹಾಯಿಯೂ ಕಾಣುವುದಿಲ್ಲವಲ್ಲ?’ ಎಂದ. ಪ್ರಶ್ನೆ ಸರಳವಾಗಿತ್ತು. ಉತ್ತರ ಅಷ್ಟು ಸರಳವಾಗಿರಲಿಲ್ಲ.

ನಮ್ಮಲ್ಲಿ ಹಾಯಿ ಎಂಬುದು ದುಡಿಮೆಯ ಸಾಧನವಾಗಿತ್ತೇ ಹೊರತು ವಿಹಾರದ್ದಲ್ಲ. ಮಂಗಳೂರಿನ ಹೆಂಚನ್ನು ಪಶ್ಚಿಮ ಕರಾವಳಿಯ ಉದ್ದಕ್ಕೂ ಸಾಗಿಸಿದವು ಪತ್ತೆಮಾರಿಗಳು. ಒಳನಾಡಿನಲ್ಲಿ ಹೊಳೆ ದಾಟಲು ಹರಿಗೋಲು ಸಾಕಿತ್ತು. ವಿರಾಮವೆಂಬುದು ಉಳ್ಳವರು ತಮ್ಮ ಅಂತಸ್ತನ್ನು ಮೆರೆಯುವ ಬಗೆ ಎಂದು ಥಾರ್‌ಸ್ಟೀನ್ ವೆಬ್ಲೆನ್ 1899ರಷ್ಟು ಹಿಂದೆಯೇ ವಾದಿಸಿದ್ದ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪಿದ್ದೆ. ಮುಂದೆ ನೌಕರಿಗೆ ಸೇರಿ, ಗಳಿಕೆ ರಜೆಯನ್ನು ವರ್ಷವರ್ಷವೂ ಸರ್ಕಾರಕ್ಕೇ ಒಪ್ಪಿಸಿ ನಗದು ಪಡೆದೆ. ಆ ಹಣ ಮನೆಯ ಸಾಲದ ಕಂತಿಗೆ ಸಂದಿತು. ಒಂದು ದಿನದ ರಜೆಗೆ ಒಂದು ದಿನದ ಸಂಬಳವೇ ಬೆಲೆ ಎಂಬುದು ನನ್ನ ಲೆಕ್ಕವಾಗಿತ್ತು. ಆ ದಿನಗಳಲ್ಲಿ ಅರ್ಧ ಪಾಲು ನನ್ನ ಪತ್ನಿಯದೂ ಆಗಿತ್ತು, ಆಕೆಯನ್ನು ಕೇಳದೆಯೇ ನಾನು ಅವನ್ನು ಮಾರಿದೆ ಎಂಬುದು ಹೊಳೆದದ್ದು ನಿವೃತ್ತಿಯ ನಂತರವೇ.

ಅಂದು ಮೋಟಾರು ದೋಣಿಯಲ್ಲಿ ಹಿನ್ನೀರಿನ ನಡುವೆ ಸಾಗುತ್ತಿದ್ದಾಗ ಆಕೆ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸುವಂತೆ ಕೇಳಿಕೊಂಡಳು. ಆಕೆಯ ತಾಯಿಯ ತವರು ಈ ನೀರಿನ ಕೆಳಗಿದೆ. ಅದು ಎಲ್ಲಿತ್ತೆಂದು ತೋರಿಸಲು ಈಗ ಯಾರೂ ಉಳಿದಿಲ್ಲ. ಐದು ನಿಮಿಷ ದೋಣಿ ಸುಮ್ಮನೆ ತೇಲಿತು. ದಡದ ಹಕ್ಕಿಗಳ ದನಿ ಆಗ ಕೇಳಿಸಿತು. ‘ಅತ್ತೆ, ನಾವು ಹಾಯಿ ಕಟ್ಟುವುದೂ ಇದಕ್ಕೇ’ ಎಂದಳು ಸಿಯಾಟಲ್‌ನ ಸೊಸೆ.

ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡಿತು. 186 ಅಡಿಗಳ ಗರಿಷ್ಠ ಮಟ್ಟದಲ್ಲಿ ಸುಮಾರು 71.5 ಟಿಎಂಸಿ ನೀರನ್ನು ಅದು ಹಿಡಿದಿಡುತ್ತದೆ. ಚಿಕ್ಕಮಗಳೂರು, ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳ ಗದ್ದೆ ತೋಟಗಳು ಅದನ್ನು ನಂಬಿವೆ. ಇದಕ್ಕಾಗಿ ಮನೆಮಠ ತೊರೆದವರು ಒಂದು ತಲೆಮಾರಿನವರಾದರೆ, 1998ರಲ್ಲಿ ಭದ್ರಾ ಅಭಯಾರಣ್ಯವು ಹುಲಿ ಯೋಜನೆಯ ವ್ಯಾಪ್ತಿಗೆ ಸೇರಿದ ಬಳಿಕ, 2001-02ರ ಸುಮಾರಿಗೆ ಕಾಡಿನೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದವು. ಅವರಲ್ಲಿ ಬಹುಮಂದಿ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಗೊಂಡರು. ನಾವಿಂದು ನೋಡಿ ನಲಿಯುವ ಈ ನಿರ್ಜನ ಚೆಲುವು ಹೀಗೆ ಎರಡು ಬಾರಿ ಬೆಲೆ ತೆತ್ತು ಪಡೆದದ್ದು. ತೆತ್ತವರು ಪ್ರವಾಸಿಗಳಲ್ಲ.

ನೀರಿನ ಮೇಲೆ ಹಕ್ಕಿರುವವರು ಇನ್ನೂ ಇದ್ದಾರೆ. ಬೇಸಿಗೆ ಬೆಳೆಗೆಂದು ನಾಲೆಗಳಿಗೆ ನೀರು ಬಿಟ್ಟಂತೆ ಜಲಾಶಯ ಇಳಿಯುತ್ತದೆ, ನಡುಗಡ್ಡೆಗಳು ತಲೆಯೆತ್ತುತ್ತವೆ. ಆ ಬರಿನೆಲದ ಮೇಲೆ ರಿವರ್ ಟರ್ನ್ ಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಬಂದು ಮೊಟ್ಟೆಯಿಡುತ್ತವೆ. ಗೂಡೆಂದರೆ ಮಣ್ಣಿನಲ್ಲೊಂದು ತಗ್ಗು, ಅಷ್ಟೇ. ದೋಣಿ ಹತ್ತಿರ ಬಂದು ತಾಯಿಹಕ್ಕಿ ಎದ್ದು ಹಾರಿದರೆ ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಇಲ್ಲವೇ ಹದ್ದಿನ ಪಾಲಾಗುತ್ತದೆ. ಇತ್ತ ಅಜ್ಜಂಪುರದ ಬಳಿಯ ಸುರಂಗದ ಮೂಲಕ ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿತ್ರದುರ್ಗದ ಬಯಲಿಗೆ ಹರಿಯಬೇಕಾಗಿದೆ. ಯೋಜನೆಯ ಪ್ರಕಾರ ತುಂಗಾ ನದಿಯಿಂದ 17.4 ಟಿಎಂಸಿ ಭದ್ರೆಗೆ ಬರಬೇಕು, ಭದ್ರೆಯಿಂದ 29.9 ಟಿಎಂಸಿ ಮೇಲೇರಬೇಕು. ಇದಕ್ಕೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿಗಳ ನೆರವು ಘೋಷಣೆಯಾಗಿತ್ತು. ಬರವನ್ನೇ ಉಂಡು ಬೆಳೆದ ಕಡೂರಿನ ಬಯಲುಸೀಮೆಯವರಿಗೂ, ಅಡಕೆ ತೋಟದ ತರೀಕೆರೆಯವರಿಗೂ ಒಂದೊಂದು ಅಡಿ ನೀರೂ ಬದುಕಿನ ಪ್ರಶ್ನೆ. ಇಂತಹ ಕಡೆ ‘ಜಲಕ್ರೀಡೆ’ ಎಂಬ ಪದವನ್ನು ಎಚ್ಚರದಿಂದಲೇ ಬಳಸಬೇಕು.

ಹಾಗೆಂದ ಮಾತ್ರಕ್ಕೆ ವಿಹಾರವೇ ಬೇಡವೆಂದು ನಾನು ಹೇಳಲಾರೆ. ದೋಣಿ ತೇಲಿದರೆ ನೀರು ಖರ್ಚಾಗುವುದಿಲ್ಲ. ರೈತನ ಪಾಲು ಕಿತ್ತುಕೊಳ್ಳದೆ ಜಲಾಶಯದಿಂದ ದೊರೆಯಬಹುದಾದ ಆದಾಯಗಳಲ್ಲಿ ಇದೂ ಒಂದು. ಆದರೆ ಎಲ್ಲರಿಗೂ ಸೇರಿದ ಸಂಪತ್ತಿಗೆ ಮಿತಿ ಹಾಕದಿದ್ದರೆ ಮೊದಲು ಬಂದವನೂ ಹೆಚ್ಚು ಸದ್ದು ಮಾಡುವವನೂ ಅದನ್ನು ಕಬಳಿಸುತ್ತಾರೆ. ಆದ್ದರಿಂದ ದಿನಕ್ಕೆ ಇಷ್ಟೇ ದೋಣಿಗಳೆಂಬ ನಿಗದಿ ಇರಲಿ. ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ನಡುಗಡ್ಡೆಗಳಿಂದ ದೋಣಿಗಳನ್ನು ದೂರವಿಡುವ ಗೆರೆ ನೀರಿನ ಮೇಲೆಯೇ ಎದ್ದು ಕಾಣಲಿ. ಹೊಸ ಅನುಮತಿ ಕೊಡುವುದಾದರೆ ಹುಟ್ಟಿನ ದೋಣಿಗೂ ಹಾಯಿದೋಣಿಗೂ ಆದ್ಯತೆ ಸಿಗಲಿ. ಶುಲ್ಕದ ನಿಶ್ಚಿತ ಪಾಲು ಸ್ಥಳಾಂತರಗೊಂಡವರ ಊರುಗಳ ಶಾಲೆ, ರಸ್ತೆಗಳಿಗೆ ಹೋಗಲಿ, ದೋಣಿ ನಡೆಸುವ ಕೆಲಸ ಅವರ ಮಕ್ಕಳಿಗೇ ಮೊದಲು ದೊರೆಯಲಿ. ಕಾಡಿನ ಮೇಲಿನ ಒತ್ತಡ ತಗ್ಗಬೇಕಾದರೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಕಡೂರಿನ ಮದಗದಕೆರೆಗಳ ದಡದಲ್ಲಿಯೂ ಸ್ಥಳೀಯರು ಕುಟುಂಬದೊಡನೆ ಕಡಿಮೆ ಖರ್ಚಿನಲ್ಲಿ ಒಂದು ಸಂಜೆ ಕಳೆಯುವ ಸುರಕ್ಷಿತ ಏರ್ಪಾಡು ಆಗಲಿ. ರಜೆಯೆಂಬುದು ಬೆಂಗಳೂರಿನಿಂದ ಕಾರಿನಲ್ಲಿ ಬಂದವರ ಸೊತ್ತು ಮಾತ್ರವೇ ಆಗಬೇಕಾಗಿಲ್ಲ.

ಸಿಯಾಟಲ್‌ನ ದಂಪತಿಗಳು ಜನವರಿಯಲ್ಲಿ ಮರಳಿದರು. ಈ ವರ್ಷವೂ ಚಳಿಯಲ್ಲಿ ದೋಣಿಯೇರುವರಂತೆ. ನಾವಿಬ್ಬರೂ ಮತ್ತೊಮ್ಮೆ ಲಕ್ಕವಳ್ಳಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ದಿನವನ್ನು ಈ ಬಾರಿ ನನ್ನ ಪತ್ನಿಯೇ ಗೊತ್ತುಮಾಡಿದ್ದಾಳೆ.