ಹಾಟ್‌ಲೈನ್ ಮಿಯಾಮಿ: ಬಗ್ ಯಾವುದು, ಬೇಕಂತಲೇ ಮಾಡಿದ್ದು ಯಾವುದು?

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಗೇಮ್ ದೊಡ್ಡವರದ್ದು. ಯುರೋಪಿನಲ್ಲಿ ಇದಕ್ಕೆ 18ರ ಮುದ್ರೆ ಇದೆ, ರಕ್ತಪಾತ ವಿಪರೀತ. ಪಕ್ಕದಲ್ಲಿ ಚಿಕ್ಕ ತಮ್ಮ ತಂಗಿ ಕೂತಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ.

ಹೆಸರು ಹಾಟ್‌ಲೈನ್ ಮಿಯಾಮಿ. 2012ರ ಅಕ್ಟೋಬರ್‌ನಲ್ಲಿ ವಿಂಡೋಸ್ ಕಂಪ್ಯೂಟರಿಗೆ ಬಂತು. ಮಾಡಿದವರು ಸ್ವೀಡನ್ನಿನ ಇಬ್ಬರು, ಯೊನಾಟಾನ್ ಸೋಡರ್‌ಸ್ಟ್ರೋಮ್ ಮತ್ತು ಡೆನ್ನಿಸ್ ವೆಡಿನ್. ಪ್ರಕಟಿಸಿದ್ದು ಡೆವಾಲ್ವರ್ ಡಿಜಿಟಲ್. ಸೋಡರ್‌ಸ್ಟ್ರೋಮ್ ಅದಕ್ಕೂ ಮೊದಲು ‘ಕ್ಯಾಕ್ಟಸ್’ ಅನ್ನೋ ಹೆಸರಲ್ಲಿ ಪುಟ್ಟ ಪುಟ್ಟ ಪ್ರಯೋಗದ ಗೇಮ್‌ಗಳನ್ನು ಮಾಡಿ ಪುಕ್ಕಟೆ ಹಂಚುತ್ತಿದ್ದವರು.

ಕಥೆ 1989ರ ಮಿಯಾಮಿಯದ್ದು. ಮನೆಯ ಫೋನಿಗೆ ಒಂದು ಮೆಸೇಜ್ ಬರುತ್ತೆ, ಅದರಲ್ಲಿ ವಿಳಾಸ. ನೀವು ಪ್ರಾಣಿಯ ಮುಖವಾಡ ಹಾಕ್ಕೊಂಡು ಅಲ್ಲಿಗೆ ಹೋಗಿ, ಕಟ್ಟಡದಲ್ಲಿ ಇರೋರನ್ನೆಲ್ಲ ಮುಗಿಸಬೇಕು. ಎಲ್ಲವನ್ನೂ ಮೇಲಿಂದ ನೋಡ್ತೀರಿ, ತಾರಸಿ ತೆಗೆದಿಟ್ಟ ಮನೆ ಥರ. ಹೆಚ್ಚಿನ ಸಲ ಒಂದೇ ಏಟಿಗೆ ಅವರೂ ಸಾಯ್ತಾರೆ, ನೀವೂ ಸಾಯ್ತೀರಿ. ಸತ್ತ ತಕ್ಷಣ ‘ಆರ್’ ಕೀ ಒತ್ತಿದ್ರೆ ಆಯ್ತು, ಮತ್ತೆ ಶುರು. ಲೋಡಿಂಗ್ ಇಲ್ಲ, ಹಾಡು ಕೂಡ ನಿಲ್ಲಲ್ಲ. ನಾನಂತೂ ಒಂದೇ ಮಹಡಿಯಲ್ಲಿ ಮೂವತ್ತು ನಲವತ್ತು ಸಲ ಸತ್ತಿದ್ದೀನಿ, ಬೇಜಾರೇ ಆಗ್ಲಿಲ್ಲ.

ಈಗ ತೊಂದರೆಗಳ ವಿಷಯ. ಗೇಮ್ ಬಂದ ಮೊದಲ ದಿನಗಳಲ್ಲಿ ಬಗ್‌ಗಳು ಸಾಕಷ್ಟಿದ್ದವು. ಕೆಲವರಿಗೆ ಕ್ರ್ಯಾಶ್ ಆಗ್ತಿತ್ತು, ಗೇಮ್‌ಪ್ಯಾಡ್ ಸರಿಯಾಗಿ ಕೇಳ್ತಿರಲಿಲ್ಲ. ಇದನ್ನು ಕಟ್ಟಿದ್ದು ಗೇಮ್‌ಮೇಕರ್ 7ರಲ್ಲಿ. ಗೇಮ್‌ಮೇಕರ್ ಅಂದ್ರೆ ನೆದರ್‌ಲ್ಯಾಂಡ್ಸ್‌ನ ಮಾರ್ಕ್ ಓವರ್‌ಮಾರ್ಸ್ 1999ರಲ್ಲಿ ಶುರು ಮಾಡಿದ, ಹವ್ಯಾಸಿಗಳಿಗೂ ಸುಲಭವಾಗಿ ಕೈಗೆಟುಕುವ ಸಾಫ್ಟ್‌ವೇರ್. ಒಂದು ಐಡಿಯಾನ ಬೇಗ ಆಡಿ ನೋಡೋಕೆ ಇದು ತುಂಬಾ ಚೆನ್ನ. ಆದ್ರೆ ಕಂಪ್ಯೂಟರ್ ಅನ್ನೋದು ಮನೆಗೊಂದು ಥರ. ಗ್ರಾಫಿಕ್ಸ್ ಕಾರ್ಡ್ ಬೇರೆ, ಡ್ರೈವರ್ ಬೇರೆ. ದೊಡ್ಡ ಕಂಪನಿ ಇದನ್ನೆಲ್ಲ ಪರೀಕ್ಷೆ ಮಾಡೋಕೆ ಒಂದು ತಂಡವನ್ನೇ ಇಟ್ಟಿರುತ್ತೆ. ಇಬ್ಬರೇ ಇದ್ದಾಗ ದುಡ್ಡು ಕೊಟ್ಟವರೇ ಪರೀಕ್ಷಕರಾಗಿಬಿಡ್ತಾರೆ. ಅದು ನ್ಯಾಯವಲ್ಲ.

ಆಮೇಲೆ ನಡೆದದ್ದು ಮಜವಾಗಿದೆ. ಗೇಮ್ ಬಂದ ಕೆಲವೇ ದಿನದಲ್ಲಿ ಕದ್ದ ಕಾಪಿ ‘ದಿ ಪೈರೇಟ್ ಬೇ’ಗೆ ಸೇರಿತು. ಸೋಡರ್‌ಸ್ಟ್ರೋಮ್ ಅಲ್ಲಿಗೇ ಹೋಗಿ, ಕದ್ದು ಆಡ್ತಿದ್ದವರ ತೊಂದರೆಗೆ ಉತ್ತರ ಕೊಟ್ಟರು. ಸರಿಪಡಿಸಿದ ಆವೃತ್ತಿ ಬಂದಾಗ ಅದನ್ನೇ ಹಾಕ್ಕೊಳ್ಳಿ ಅಂತ ಕೇಳಿಕೊಂಡರು. ಯಾರೂ ಮುರುಕು ಆವೃತ್ತಿ ಆಡಬಾರದು ಅನ್ನೋದು ಅವರ ಚಿಂತೆ. ಅವರ ಹತ್ತಿರವೂ ಆಗ ಕಾಸಿರಲಿಲ್ಲ ಅನ್ನೋದು ನೆನಪಿರಲಿ. ಕಳ್ಳತನಕ್ಕೆ ಇದು ಸಮರ್ಥನೆ ಅಲ್ಲ, ಆದ್ರೆ ಆ ಮನುಷ್ಯನಿಗೆ ಕೆಲಸದ ಮೇಲೆ ಎಷ್ಟು ಅಕ್ಕರೆ ಇತ್ತು ನೋಡಿ.

ನನಗೆ ಇನ್ನೂ ಕುತೂಹಲ ಹುಟ್ಟಿಸೋದು ಬೇರೆ. ಈ ಗೇಮಿನಲ್ಲಿ ಕೆಟ್ಟುಹೋದದ್ದು ಯಾವುದು, ಬೇಕಂತಲೇ ಕೆಡಿಸಿದ್ದು ಯಾವುದು ಅಂತ ಹೇಳೋದೇ ಕಷ್ಟ. ನಡುವೆ ಆಸ್ಪತ್ರೆಯ ಹಂತ ಒಂದಿದೆ. ಕೈಯಲ್ಲಿ ಆಯುಧ ಇಲ್ಲ, ತಲೆಗೆ ಪೆಟ್ಟು ಬಿದ್ದಿದೆ. ಸ್ವಲ್ಪ ದೂರ ನಡೆದ್ರೆ ಸಾಕು, ಸ್ಕ್ರೀನ್ ಕದಡುತ್ತೆ, ನಿಮ್ಮ ಪಾತ್ರ ತಲೆ ಹಿಡ್ಕೊಂಡು ನಿಂತುಬಿಡುತ್ತೆ. ಗೊತ್ತಿಲ್ಲದವರು ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅಂದ್ಕೊಳ್ಳಬಹುದು. ಅದು ಬಗ್ ಅಲ್ಲ. ಅಲ್ಲೀತನಕ ನಿಮಗಿದ್ದ ವೇಗವನ್ನು ಕಿತ್ತುಕೊಂಡು, ಗಾಯಗೊಂಡವನ ಮೈಯೊಳಗೆ ನಿಮ್ಮನ್ನು ಕೂರಿಸೋ ಪ್ರಯತ್ನ. ತುಂಬಾ ಜನಕ್ಕೆ ಈ ಹಂತ ಹಿಡಿಸಲಿಲ್ಲ. ನನಗೂ ಅದು ಸ್ವಲ್ಪ ಉದ್ದವಾಯ್ತು ಅನ್ಸುತ್ತೆ.

ಕೊನೆಯವನು ಬಿದ್ದ ಕೂಡಲೇ ಆಗೋದನ್ನೂ ಗಮನಿಸಿ. ಅಷ್ಟೊತ್ತು ಎದೆ ಬಡಿತ ಏರಿಸಿದ್ದ ಹಾಡು ಥಟ್ಟನೆ ನಿಂತು, ಮಂದವಾದ ಗುಂಯ್ ಅನ್ನೋ ಸದ್ದಷ್ಟೇ ಉಳಿಯುತ್ತೆ. ಬಂದ ದಾರಿಯಲ್ಲೇ, ನೀವೇ ಕೆಡವಿದ ಹೆಣಗಳ ನಡುವೆ ಕಾರಿನ ತನಕ ನಡೀಬೇಕು. ಆಡಿಯೊ ಕೆಟ್ಟಿಲ್ಲ. ಇಷ್ಟೊತ್ತು ಮಜಾ ಮಾಡಿದ್ರಲ್ಲ, ಏನು ಮಾಡಿದ್ರಿ ಅಂತ ನೋಡ್ಕೊಳ್ಳಿ ಅಂತಿದೆ ಗೇಮು.

ಇನ್ನು ಎದುರಾಳಿಗಳ ಬುದ್ಧಿ. ಗುಂಡಿನ ಸದ್ದಿಗೆ ಓಡಿ ಬರ್ತಾರೆ, ಆದ್ರೆ ಒಮ್ಮೊಮ್ಮೆ ಪಕ್ಕದಲ್ಲೇ ಗೆಳೆಯ ಸತ್ತು ಬಿದ್ರೂ ತಿರುಗಿ ನೋಡಲ್ಲ. ಇದಕ್ಕೆ ಕಲೆ ಅಂತ ಹೆಸರಿಡೋಕೆ ನಾನು ತಯಾರಿಲ್ಲ, ಇದು ಕೊರತೆಯೇ. ಹಾಗಿದ್ರೂ ಆಡಿಸಿಕೊಂಡು ಹೋಗುತ್ತಲ್ಲ ಯಾಕೆ? ಆ ‘ಆರ್’ ಕೀ ಇದೆಯಲ್ಲ, ಅದರಿಂದ. ಸಾವಿನ ಬೆಲೆ ಒಂದು ಸೆಕೆಂಡ್ ಅಷ್ಟೇ ಆದಾಗ ಎದುರಾಳಿಯ ಪೆದ್ದುತನವೂ ತಡ್ಕೊಳ್ಳಬಹುದು. ಗೇಮೇ ಮುಚ್ಚಿಹೋಗೋ ಕ್ರ್ಯಾಶಿಗೆ ಆ ಔಷಧಿ ನಡೆಯಲ್ಲ. ಯಾವ ಇಂಡೀ ಗೇಮಿನ ದೋಷವನ್ನೂ ನಾನು ಅಳೆಯೋದು ಹೀಗೇ: ಅದು ನನ್ನಿಂದ ಎಷ್ಟು ಹೊತ್ತು ಕಿತ್ಕೊಂಡ್ತು?

2013ರಲ್ಲಿ ಇದು ಪ್ಲೇಸ್ಟೇಷನ್ನಿಗೂ ಹೋಯ್ತು. ಆ ಕೆಲಸ ಮಾಡಿದ ಅಬ್‌ಸ್ಟ್ರ್ಯಾಕ್ಷನ್ ಗೇಮ್ಸ್ ಹಳೇ ಗೇಮ್‌ಮೇಕರ್ ಬಿಟ್ಟು ಬೇರೆ ಎಂಜಿನ್ ಮೇಲೆ ಅದನ್ನು ಮತ್ತೆ ಕಟ್ಟಿತು. ಎರಡನೇ ಭಾಗ 2015ರ ಮಾರ್ಚ್‌ನಲ್ಲಿ ಬಂತು. ಲೈಂಗಿಕ ಹಿಂಸೆಯನ್ನು ಸೂಚಿಸುವ ಒಂದು ದೃಶ್ಯಕ್ಕಾಗಿ ಆಸ್ಟ್ರೇಲಿಯಾ ಅದಕ್ಕೆ ಪ್ರಮಾಣಪತ್ರ ಕೊಡಲಿಲ್ಲ, ಅಂದ್ರೆ ಅಲ್ಲಿ ಮಾರೋ ಹಾಗಿಲ್ಲ. ಆ ದೃಶ್ಯ ಬೇಡ ಅನ್ನೋರಿಗೆ ಶುರುವಿನಲ್ಲೇ ಅದನ್ನು ಬಿಟ್ಟು ಆಡುವ ಆಯ್ಕೆ ಇದೆ. ನೀವು ಎರಡನೆಯದನ್ನೇ ಮೊದಲು ಆಡೋದಾದ್ರೆ ಆ ಪ್ರಶ್ನೆಗೆ ಏನು ಒತ್ತಬೇಕು ಅಂತ ಸ್ವಲ್ಪ ಯೋಚಿಸಿ ಒತ್ತಿ.