ತೂಕದ ಯಂತ್ರಕ್ಕೆ ಕಾಣದ ಸ್ನಾಯು

2004ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ಅಕ್ಕಪಕ್ಕ ನಿಂತ ಫೋಟೊ ಅಚ್ಚಾಯಿತು. ಒಬ್ಬರು ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಬಿಎಂಐ ಇಬ್ಬರದೂ 22.3. ಆ ಲೆಕ್ಕದಲ್ಲಿ ಇಬ್ಬರ ಮೈಯೂ ಒಂದೇ. ಆದರೆ ದೇಹದ ಕೊಬ್ಬನ್ನು ಎಕ್ಸ್-ರೇಯಿಂದ ಅಳೆಯುವ ಡೆಕ್ಸಾ ಯಂತ್ರ ಬೇರೆಯದೇ ಲೆಕ್ಕ ಕೊಟ್ಟಿತು: ಯುಡ್ಕಿನ್ ದೇಹದಲ್ಲಿ ಕೊಬ್ಬಿನ ಪಾಲು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನೋಡಲು ತೆಳ್ಳಗಿದ್ದರೂ ಭಾರತೀಯರ ಒಡಲಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಎಂಬ ಮಾತಿಗೆ ಆ ಫೋಟೊ ಸಾಕ್ಷಿಯಾಗಿ ಇಂದಿಗೂ ಬಳಕೆಯಲ್ಲಿದೆ.

ವಯಸ್ಸು ಅರುವತ್ತು ದಾಟಿದ ಮೇಲೆ ಈ ವ್ಯತ್ಯಾಸಕ್ಕೆ ಇನ್ನೂ ಹೆಚ್ಚಿನ ಮಹತ್ವ ಬರುತ್ತದೆ. ನಲವತ್ತರಲ್ಲಿ 65 ಕೆ.ಜಿ. ಇದ್ದವರು ಎಪ್ಪತ್ತರಲ್ಲೂ 65 ಕೆ.ಜಿ.ಯೇ ಇರಬಹುದು. ‘ತೂಕ ಹಾಗೇ ಇದೆ’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಒಳಗೆ ಮಾತ್ರ ಸ್ನಾಯು ಕರಗಿ, ಆ ಜಾಗಕ್ಕೆ ಕೊಬ್ಬು ಬಂದು ಕೂತಿರುತ್ತದೆ. ವಯಸ್ಸಿನೊಂದಿಗೆ ಸ್ನಾಯು ಸೊರಗುವ ಈ ಸ್ಥಿತಿಗೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯಾ’ ಎಂದು ಹೆಸರಿಟ್ಟರು. ಅಲ್ಲಿನ ರೋಗಗಳ ಪಟ್ಟಿಯಲ್ಲಿ ಅದಕ್ಕೊಂದು ಪ್ರತ್ಯೇಕ ಸಂಕೇತ ಸಿಕ್ಕಿದ್ದು 2016ರಲ್ಲಿ.

ಸ್ನಾಯು ಕೇವಲ ಬಲದ ವಿಷಯವಲ್ಲ. ಊಟದ ಬಳಿಕ ರಕ್ತಕ್ಕೆ ಸೇರುವ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಅದೇ. ಕಾಯಿಲೆ ಬಿದ್ದಾಗ ದೇಹ ಪ್ರೋಟೀನಿಗಾಗಿ ಕೈಹಾಕುವುದೂ ಅದಕ್ಕೇ. ಅದು ಕಡಿಮೆಯಾದವರು ಬೀಳುವುದು ಹೆಚ್ಚು, ಬಿದ್ದವರು ಚೇತರಿಸಿಕೊಳ್ಳುವುದು ನಿಧಾನ.

ಹಾಗಾದರೆ ಚರ್ಮದಡಿ ಅಡಗಿದ ಸ್ನಾಯುವನ್ನು ಅಳೆಯುವುದು ಹೇಗೆ?

ಹೆಚ್ಚು ಬಳಕೆಯಲ್ಲಿರುವುದು ಡೆಕ್ಸಾ. ಮೂಳೆ ಸವೆತ ಪತ್ತೆಗೆ ಆಸ್ಪತ್ರೆಗಳಲ್ಲಿ ಇಟ್ಟಿರುವ ಯಂತ್ರವೇ ಇದು. ರೋಗಿ ಮೇಜಿನ ಮೇಲೆ ಅಂಗಾತ ಮಲಗಿದರೆ ಯಂತ್ರದ ತೋಳು ತಲೆಯಿಂದ ಪಾದದವರೆಗೆ ನಿಧಾನವಾಗಿ ಸಾಗುತ್ತದೆ. ಅದು ಬಿಡುವುದು ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇಗಳನ್ನು. ಮೂಳೆ, ಕೊಬ್ಬು, ಸ್ನಾಯು ಈ ಎರಡು ಕಿರಣಗಳನ್ನು ಹೀರಿಕೊಳ್ಳುವ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಎರಡು ಅಳತೆ ಸಿಕ್ಕರೆ ಎರಡು ಅಜ್ಞಾತಗಳನ್ನು ಬಿಡಿಸಬಹುದು, ಅಷ್ಟೇ. ಹೀಗಾಗಿ ಮೂಳೆಯಿಲ್ಲದ ಕಡೆ ಕೊಬ್ಬೆಷ್ಟು, ಉಳಿದದ್ದೆಷ್ಟು ಎಂದು ನೇರವಾಗಿ ತಿಳಿಯುತ್ತದೆ. ಮೂಳೆಯಿರುವ ಕಡೆ ಲೆಕ್ಕಕ್ಕೆ ಮೂರನೆಯದೊಂದು ಸೇರುವುದರಿಂದ ಯಂತ್ರ ಪಕ್ಕದ ಜಾಗದ ಅಳತೆಯನ್ನು ನೋಡಿ ಅಂದಾಜು ಕಟ್ಟುತ್ತದೆ. ವಿಕಿರಣದ ಪ್ರಮಾಣ ತೀರಾ ಅಲ್ಪ; ಪ್ರಕೃತಿಯಿಂದಲೇ ನಮ್ಮ ಮೈಗೆ ಒಂದು ದಿನದಲ್ಲಿ ತಾಗುವಷ್ಟರ ಆಸುಪಾಸಿನದು.

ಕೈಕಾಲುಗಳ ಕೊಬ್ಬುರಹಿತ ಭಾಗದ ತೂಕವನ್ನು ಕೂಡಿಸಿ, ಎತ್ತರದ ವರ್ಗದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಏಷ್ಯಾದ ತಜ್ಞರ ತಂಡ 2019ರಲ್ಲಿ ಹೇಳಿದಂತೆ ಅದು ಗಂಡಸರಲ್ಲಿ 7.0, ಹೆಂಗಸರಲ್ಲಿ 5.4ಕ್ಕಿಂತ ಕಡಿಮೆಯಿದ್ದರೆ ಸ್ನಾಯು ಕುಂದಿದೆ ಎಂದರ್ಥ. ಆದರೆ ಡೆಕ್ಸಾಗೆ ಒಂದು ದೊಡ್ಡ ಮಿತಿಯಿದೆ. ನೀರನ್ನೂ ಅದು ಕೊಬ್ಬುರಹಿತ ಭಾಗಕ್ಕೇ ಸೇರಿಸುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ಕಾಲು ಊದಿಕೊಂಡ ಹಿರಿಯರಿಗೆ ಇಲ್ಲದ ಸ್ನಾಯುವನ್ನೂ ಅದು ಇದೆಯೆಂದು ತೋರಿಸಬಲ್ಲದು.

ಸಿ.ಟಿ. ಸ್ಕ್ಯಾನ್ ಇನ್ನೂ ಆಳಕ್ಕೆ ಇಳಿಯುತ್ತದೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಈ ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದರು. ಅದನ್ನು ರೂಪಿಸಿದ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರಿನಲ್ಲೇ ಇಂದು ಅಂಗಾಂಶದ ಸಾಂದ್ರತೆಯನ್ನು ಅಳೆಯುತ್ತಾರೆ. ಆ ಅಳತೆಯಲ್ಲಿ ನೀರು ಸೊನ್ನೆ, ಗಾಳಿ ಮೈನಸ್ 1000. ಕೊಬ್ಬು ಮೈನಸ್ 190ರಿಂದ ಮೈನಸ್ 30ರವರೆಗೆ, ಸ್ನಾಯು ಮೈನಸ್ 29ರಿಂದ ಪ್ಲಸ್ 150ರವರೆಗೆ. ಎರಡರ ಗಡಿ ಅಂಕಿಯಲ್ಲೇ ಗೊತ್ತಾಗುತ್ತದೆ.

ತೊಡೆಯ ನಡುಭಾಗದ ಅಡ್ಡಕೊಯ್ತದ ಚಿತ್ರವೊಂದನ್ನು ನೋಡೋಣ. ನಟ್ಟನಡುವೆ ತೊಡೆಮೂಳೆಯ ಬಿಳಿ ಉಂಗುರ. ಅದರ ಸುತ್ತ ಬೂದು ಬಣ್ಣದ ಸ್ನಾಯುಗಳು. ಎಲ್ಲಕ್ಕೂ ಹೊರಗೆ ಚರ್ಮದಡಿಯ ಕೊಬ್ಬಿನ ಕಪ್ಪು ಪಟ್ಟಿ. ಯುವಕರ ತೊಡೆಯಲ್ಲಿ ಬೂದು ಭಾಗ ಒತ್ತೊತ್ತಾಗಿ ತುಂಬಿಕೊಂಡಿರುತ್ತದೆ. ನಡೆದಾಡುವುದನ್ನೇ ಬಿಟ್ಟ ಎಂಬತ್ತರ ಹಿರಿಯರಲ್ಲಿ ಅದು ಕುಗ್ಗಿ, ನಡುನಡುವೆ ಕಪ್ಪು ಗೆರೆಗಳು ಹಾದುಹೋಗಿರುತ್ತವೆ. ಸ್ನಾಯುಗಳ ನಡುವೆ ಕೊಬ್ಬು ನುಗ್ಗಿದ ಗುರುತು ಅದು. ಉಳಿದ ಬೂದು ಭಾಗವೂ ಮಸುಕಾಗಿರುತ್ತದೆ, ಏಕೆಂದರೆ ಎಳೆಗಳ ಒಳಗೂ ಕೊಬ್ಬು ಸೇರಿ ಸಾಂದ್ರತೆ ಇಳಿದಿರುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ಮತ್ತು ಮೆಂಫಿಸ್ ನಗರಗಳಲ್ಲಿ 70ರಿಂದ 79 ವರ್ಷದ 3,075 ಮಂದಿಯನ್ನು ಸೇರಿಸಿಕೊಂಡು 1997ರಲ್ಲಿ ‘ಹೆಲ್ತ್ ಎಬಿಸಿ’ ಎಂಬ ಅಧ್ಯಯನ ಶುರುವಾಯಿತು. ಅವರ ಕಾಲಿನ ಸ್ನಾಯುವಿನ ಪ್ರಮಾಣ ವರ್ಷಕ್ಕೆ ಸುಮಾರು ಶೇ 1ರಷ್ಟು ಇಳಿದರೆ, ಬಲ ಸುಮಾರು ಶೇ 3ರಷ್ಟು ಇಳಿಯಿತು. ಸ್ನಾಯು ಎಷ್ಟಿದೆ ಎಂಬುದರ ಜತೆಗೆ ಹೇಗಿದೆ ಎಂದೂ ಕೇಳಬೇಕು ಎನ್ನುವುದನ್ನು ಈ ಅಂಕಿಗಳು ಸ್ಪಷ್ಟಪಡಿಸಿದವು.

ಸೊಂಟದ ಮೂರನೇ ಕಶೇರುಕದ ಮಟ್ಟದಲ್ಲಿ ಸಿಗುವ ಒಂದೇ ಒಂದು ಅಡ್ಡಚಿತ್ರಕ್ಕೂ ಇಂಥದೇ ಬೆಲೆಯಿದೆ. ಅಲ್ಲಿ ಬೆನ್ನಿನ, ಪಕ್ಕೆಯ ಮತ್ತು ಹೊಟ್ಟೆಯ ಸ್ನಾಯುಗಳು ಒಟ್ಟಿಗೇ ಕಾಣುತ್ತವೆ. ಅವುಗಳ ವಿಸ್ತೀರ್ಣದಿಂದ ಇಡೀ ದೇಹದ ಸ್ನಾಯುವನ್ನು ಚೆನ್ನಾಗಿ ಅಂದಾಜಿಸಬಹುದು. ಕರುಳಿನ ಸುತ್ತ ಸೇರುವ, ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿಯಾಗುವ ಒಳಾಂಗದ ಕೊಬ್ಬು ಅದೇ ಚಿತ್ರದಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ. ಇದಕ್ಕೆಂದೇ ಯಾರೂ ಸಿ.ಟಿ. ಮಾಡಿಸಬೇಕಿಲ್ಲ, ಅದರ ವಿಕಿರಣ ಡೆಕ್ಸಾದಷ್ಟು ಕಡಿಮೆಯಲ್ಲ. ಆದರೆ ಮೂತ್ರಪಿಂಡದ ಕಲ್ಲಿಗೆ, ಕ್ಯಾನ್ಸರಿಗೆ, ಹೊಟ್ಟೆನೋವಿಗೆ ಎಂದು ಹಿರಿಯರಿಗೆ ಈಗಾಗಲೇ ತೆಗೆದಿರುವ ಹೊಟ್ಟೆಯ ಸ್ಕ್ಯಾನ್‌ಗಳಲ್ಲಿ ಈ ಅಡ್ಡಚಿತ್ರ ಇದ್ದೇ ಇರುತ್ತದೆ. ಕಂಪ್ಯೂಟರ್ ತಂತ್ರಾಂಶಕ್ಕೆ ಅದನ್ನು ಬಿಡಿಸಿ ಅಳೆಯುವುದು ಕ್ಷಣಗಳ ಕೆಲಸ. ಅಷ್ಟು ಮಾಹಿತಿ ಕೈಯಲ್ಲಿದ್ದೂ ವರದಿಯಲ್ಲಿ ಸ್ನಾಯುವಿನ ಬಗ್ಗೆ ಒಂದು ಸಾಲೂ ಬಾರದಿರುವುದು ದೊಡ್ಡ ನಷ್ಟ.

ಎಂಆರ್‌ಐಗೆ ವಿಕಿರಣದ ಗೊಡವೆಯೇ ಇಲ್ಲ. ನೀರಿನ ಹೈಡ್ರೋಜನ್‌ಗೂ ಕೊಬ್ಬಿನ ಹೈಡ್ರೋಜನ್‌ಗೂ ಕಾಂತಕ್ಷೇತ್ರದಲ್ಲಿ ಕಂಪನದ ವೇಗ ತುಸು ಬೇರೆ. ಎರಡೂ ಜತೆಗೂಡುವ ಕ್ಷಣದಲ್ಲಿ ಒಂದು, ಎದುರುಬದುರಾಗುವ ಕ್ಷಣದಲ್ಲಿ ಇನ್ನೊಂದು ಚಿತ್ರ ತೆಗೆದು ಕೂಡಿ ಕಳೆದರೆ ನೀರಿನ ಚಿತ್ರ, ಕೊಬ್ಬಿನ ಚಿತ್ರ ಬೇರೆಯಾಗುತ್ತವೆ. ಥಾಮಸ್ ಡಿಕ್ಸನ್ 1984ರಲ್ಲಿ ತೋರಿಸಿಕೊಟ್ಟ ಈ ಉಪಾಯವನ್ನು ಬ್ರಿಟನ್ನಿನ ‘ಯುಕೆ ಬಯೋಬ್ಯಾಂಕ್’ ತನ್ನ ಒಂದು ಲಕ್ಷ ಜನರ ಸ್ಕ್ಯಾನ್ ಯೋಜನೆಯಲ್ಲಿ ಬಳಸಿಕೊಂಡಿದೆ. ತೊಡಕೆಂದರೆ ಖರ್ಚು ಮತ್ತು ಸಮಯ.

ಚಿತ್ರವೇ ಬೇಡದ ದಾರಿಯೊಂದೂ ಇದೆ. ದೇಹದ ಪೊಟ್ಯಾಸಿಯಂ ಬಹುಪಾಲು ಇರುವುದು ಜೀವಕೋಶಗಳ ಒಳಗೆ, ಅದರಲ್ಲೂ ಸ್ನಾಯುವಿನಲ್ಲಿ. ಅದರ ಅತ್ಯಲ್ಪ ಅಂಶವಾದ ಪೊಟ್ಯಾಸಿಯಂ-40 ಸಹಜವಾಗಿಯೇ ಗಾಮಾ ಕಿರಣ ಸೂಸುತ್ತಿರುತ್ತದೆ. ಆ ಕಿರಣಗಳನ್ನು ಎಣಿಸಿ ದೇಹದ ಜೀವಕೋಶಗಳ ರಾಶಿಯನ್ನು ಲೆಕ್ಕ ಹಾಕುವ ಯಂತ್ರವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ್ದಾರೆ. ಊದಿದ ಕಾಲಿನ ನೀರು ಇದರ ಲೆಕ್ಕವನ್ನು ಕೆಡಿಸುವುದಿಲ್ಲ.

ಇಷ್ಟೆಲ್ಲ ಅಳೆದು ಪ್ರಯೋಜನವೇನು, ವಯಸ್ಸಾದ ಮೇಲೆ ಹೋದ ಸ್ನಾಯು ಬರುತ್ತದೆಯೇ? ಬರುತ್ತದೆ. 1990ರಲ್ಲಿ ಮರಿಯಾ ಫಿಯಟರೋನ್ ತಂಡ ಬಾಸ್ಟನ್ನಿನ ವೃದ್ಧಾಶ್ರಮವೊಂದರ ಹತ್ತು ಮಂದಿ ದುರ್ಬಲ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿತು. ಅವರ ಸರಾಸರಿ ವಯಸ್ಸು 90. ಕೊನೆಯವರೆಗೂ ಉಳಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತ್ತು. ಸಿ.ಟಿ. ಚಿತ್ರದಲ್ಲಿ ತೊಡೆಸ್ನಾಯುವಿನ ವಿಸ್ತೀರ್ಣ ಶೇ 9ರಷ್ಟು ಬೆಳೆದಿತ್ತು. ಇಬ್ಬರು ಊರುಗೋಲು ಬಿಟ್ಟು ನಡೆದರು.

ದೊಡ್ಡ ಯಂತ್ರಗಳು ಎಲ್ಲರ ಕೈಗೂ ಎಟಕುವುದಿಲ್ಲ, ಆದರೆ ಶುರು ಮಾಡಲು ಒಂದು ಕುರ್ಚಿ ಸಾಕು. ಮನೆಯ ಹಿರಿಯರು ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ. ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಅದಕ್ಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ವೈದ್ಯರ ಬಳಿ ಕರೆದೊಯ್ಯಿರಿ. ಮೂಳೆಯ ಪರೀಕ್ಷೆಗೆ ಡೆಕ್ಸಾ ಬರೆದುಕೊಟ್ಟರೆ ಇಡೀ ದೇಹದ ಸ್ನಾಯು ಮತ್ತು ಕೊಬ್ಬಿನ ಅಂಕಿಯನ್ನೂ ಕೇಳಿ ಪಡೆಯಿರಿ. ‘ವಯಸ್ಸಾಯಿತು, ಇನ್ನು ಹೀಗೇ’ ಎಂಬ ಮಾತನ್ನು ಮಾತ್ರ ಒಪ್ಪಬೇಡಿ.