ಕಜ್ಜಿಯ ನುಸಿಗೆ ಎರಡನೆಯ ಲೇಪನ

ಮನುಷ್ಯನ ಚರ್ಮದ ಹೊರಪದರದಲ್ಲಿ ಸುರಂಗ ಕೊರೆದು ಬದುಕುವ, ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದಾದ ಸಾರ್ಕಾಪ್ಟಿಸ್ ಸ್ಕೇಬಿಯೈ ಎಂಬ ಎಂಟು ಕಾಲಿನ ನುಸಿಯೇ ಕಜ್ಜಿಗೆ ಕಾರಣ. ಹೆಣ್ಣು ನುಸಿ ಆ ಸುರಂಗದಲ್ಲಿ ದಿನಕ್ಕೆ ಎರಡು ಮೂರು ಮೊಟ್ಟೆಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಅವು ಒಡೆದು ಮರಿಗಳು ಹೊರಬರುತ್ತವೆ. ಕಜ್ಜಿಯ ಚಿಕಿತ್ಸೆಯ ಕ್ರಮವೆಲ್ಲ ನಿಂತಿರುವುದು ಈ ಮೊಟ್ಟೆಗಳ ಲೆಕ್ಕದ ಮೇಲೆ.

ಇಂದು ವೈದ್ಯರು ಹೆಚ್ಚಾಗಿ ಬರೆದುಕೊಡುವುದು ಶೇ. 5ರ ಪರ್ಮೆಥ್ರಿನ್ ಮುಲಾಮನ್ನು. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಕೀಟನಾಶಕ ಸತ್ವವನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ ಈ ಕೃತಕ ರಾಸಾಯನಿಕವು, ನುಸಿಯ ನರಕೋಶಗಳಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ದ್ವಾರಗಳನ್ನು ಮುಚ್ಚಗೊಡದೆ ಅದನ್ನು ನಿಶ್ಚೇಷ್ಟಗೊಳಿಸಿ ಕೊಲ್ಲುತ್ತದೆ. ತುರಿಸುವ ಜಾಗಕ್ಕಷ್ಟೇ ಸವರಿದರೆ ಇದರಿಂದ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆಸಂದು, ಉಗುರಿನಡಿ ಎಲ್ಲೂ ಬಿಡದೆ ಹಚ್ಚಿ, ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಅಲ್ಲಿಗೆ ಮತ್ತೆ ಹಚ್ಚಬೇಕು. ಉಳಿದ ಮೊಟ್ಟೆಗಳಿಂದ ಹೊರಬಂದ ಮರಿಗಳು ಬೆಳೆದು ಮೊಟ್ಟೆಯಿಡುವ ಮೊದಲೇ ಸಾಯಲೆಂದು ಒಂದೆರಡು ವಾರದೊಳಗೆ ಎರಡನೆಯ ಲೇಪನವಾಗಬೇಕು. ತುರಿಕೆ ಕಡಿಮೆಯಾಯಿತೆಂದು ಬಹುಮಂದಿ ಕೈಬಿಡುವುದು ಇದನ್ನೇ.

ಹಳೆಯ ಗಂಧಕದ ಮುಲಾಮು ವಾಸನೆಯಿಂದ ಬೇಸರ ತರಿಸಿದರೂ ಎಳೆಯ ಕೂಸುಗಳಿಗೂ ಗರ್ಭಿಣಿಯರಿಗೂ ಇಂದಿಗೂ ಉಪಯುಕ್ತ. ಬೆಂಜೈಲ್ ಬೆಂಜೋಯೇಟ್ ಅಗ್ಗ, ಆದರೆ ಉರಿ ಹೆಚ್ಚು. ಚರ್ಮದ ಮೂಲಕ ರಕ್ತ ಸೇರಿ ನರಮಂಡಲಕ್ಕೆ ಹಾನಿ ಮಾಡಬಲ್ಲ ಲಿಂಡೇನ್ ಹಿಂದೆ ಸರಿದಿದೆ.

ನುಂಗುವ ಔಷಧಿಯಾದ ಐವರ್ಮೆಕ್ಟಿನ್‌ನ ಮೂಲ, ಜಪಾನಿನ ಸತೋಶಿ ಓಮುರಾ ಮಣ್ಣಿನಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯ. ಅದರ ಸತ್ವದ ಪರಾವಲಂಬಿನಾಶಕ ಶಕ್ತಿಯನ್ನು ತೋರಿಸಿದ ವಿಲಿಯಂ ಕ್ಯಾಂಪ್‌ಬೆಲ್ ಅವರೊಡನೆ ಓಮುರಾ 2015ರ ನೊಬೆಲ್ ಹಂಚಿಕೊಂಡರು. ದೇಹತೂಕದ ಪ್ರತಿ ಕಿಲೋಗ್ರಾಂಗೆ 200 ಮೈಕ್ರೋಗ್ರಾಂನಂತೆ ಕೊಡುವ ಈ ಮಾತ್ರೆ ಮೊಟ್ಟೆಗಳನ್ನು ಕೊಲ್ಲದಿರುವುದರಿಂದ ಇದಕ್ಕೂ ಎರಡನೆಯ ಸರದಿ ಬೇಕು. ಗರ್ಭಿಣಿಯರಿಗೂ 15 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೂ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಮೊದಲ ಬಾರಿ ನುಸಿ ತಗುಲಿದವರಿಗೆ ತುರಿಕೆ ಆರಂಭವಾಗಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ, ಆರೋಗ್ಯವಂತರಂತೆ ಕಾಣುವ ಮನೆಮಂದಿಯೂ ಅದೇ ದಿನ ಔಷಧಿ ಪಡೆಯಬೇಕು. ಫಿಜಿಯಲ್ಲಿ ಇಡೀ ಸಮುದಾಯಕ್ಕೇ ಐವರ್ಮೆಕ್ಟಿನ್ ಕೊಟ್ಟ ಅಧ್ಯಯನದಲ್ಲಿ ಕಜ್ಜಿಯ ಪ್ರಮಾಣ ಒಂದು ವರ್ಷದಲ್ಲಿ ಶೇ. 32ರಿಂದ ಶೇ. 2ಕ್ಕಿಂತ ಕೆಳಗಿಳಿದುದು ಇದಕ್ಕೆ ಬಲವಾದ ಸಾಕ್ಷ್ಯ. ನುಸಿ ಸತ್ತ ಮೇಲೂ ಅದರ ಅವಶೇಷಗಳಿಗೆ ದೇಹ ತೋರುವ ಅಲರ್ಜಿಯಿಂದ ತುರಿಕೆ ಕೆಲವು ವಾರ ಉಳಿಯಬಹುದಾದ್ದರಿಂದ, ಔಷಧಿ ಸೋತಿತೆಂದು ಮುಲಾಮನ್ನು ಮತ್ತೆ ಮತ್ತೆ ಬಳಿದು ಚರ್ಮ ಕೆಡಿಸಿಕೊಳ್ಳದೆ, ಹೊಸ ಗುಳ್ಳೆಗಳೆದ್ದರೆ ವೈದ್ಯರಿಗೆ ತೋರಿಸುವುದು ಸರಿಯಾದ ಕ್ರಮ.